ಹ್ಯಾರಿ ರಿಕಾರ್ಡೊ

ಸರ್ ಹ್ಯಾರಿ ರಾಲ್ಫ್ ರಿಕಾರ್ಡೊ (ಜನವರಿ 26, 1885 – ಮೇ 18, 1974) ಇಂಗ್ಲೆಂಡಿನ ಎಂಜಿನಿಯರ್ ಮತ್ತು ಸಂಶೋಧಕರು. ಅಂತರ್ದಹನ ಎಂಜಿನ್ನಿನೊಳಗೆ ಇಂಧನವು ಹೇಗೆ ಉರಿಯುತ್ತದೆ ಎಂಬುದನ್ನು ಕ್ರಮಬದ್ಧವಾಗಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ಇವರೊಬ್ಬರು. ಎಂಜಿನ್ನಿನ ಸಂಪೀಡನ ಅನುಪಾತವನ್ನು (ಕಂಪ್ರೆಷನ್ ರೇಷಿಯೊ) ಎಷ್ಟರವರೆಗೆ ಸುರಕ್ಷಿತವಾಗಿ ಹೆಚ್ಚಿಸಬಹುದು ಎಂಬ ಪ್ರಶ್ನೆಗೆ ಇವರು ಅಳತೆಯ ಆಧಾರದ ಮೇಲೆ ಉತ್ತರ ನೀಡಿದರು. ಆ ಮಿತಿಯನ್ನು ನಿರ್ಧರಿಸುವುದು ಲೋಹದ ಬಲ ಮಾತ್ರವಲ್ಲ, ಇಂಧನದ ಗುಣ, ದಹನ ಕೊಠಡಿಯ ಆಕಾರ ಮತ್ತು ಶಾಖ ಎಂಬುದನ್ನು ಇವರ ಪ್ರಯೋಗಗಳು ತೋರಿಸಿಕೊಟ್ಟವು. ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಟ್ಯಾಂಕ್‌ಗಳ ಎಂಜಿನ್, ಪಕ್ಕ-ಕವಾಟದ ಎಂಜಿನ್‌ಗಳಿಗಾಗಿ ರೂಪಿಸಿದ ಸಿಲಿಂಡರ್ ಹೆಡ್, ಡೀಸೆಲ್ ಎಂಜಿನ್‌ಗಳ 'ಕಾಮೆಟ್' ದಹನ ಕೊಠಡಿ ಇವರ ಪ್ರಮುಖ ಕೊಡುಗೆಗಳು. ಪೆಟ್ರೋಲಿನ ಆಕ್ಟೇನ್ ಸಂಖ್ಯೆಯ ಪದ್ಧತಿಗೆ ಇವರ ಇಂಧನ ಸಂಶೋಧನೆಯು ದಾರಿ ಮಾಡಿಕೊಟ್ಟಿತು.

ಜನನ ಮತ್ತು ಕುಟುಂಬ

ರಿಕಾರ್ಡೊ ಅವರು 1885ರ ಜನವರಿ 26ರಂದು ಲಂಡನ್ ನಗರದ ಬೆಡ್‌ಫರ್ಡ್ ಚೌಕದ 13ನೇ ಸಂಖ್ಯೆಯ ಮನೆಯಲ್ಲಿ ಜನಿಸಿದರು. ತಂದೆ ಹಾಲ್ಸಿ ರಿಕಾರ್ಡೊ ಹೆಸರಾಂತ ವಾಸ್ತುಶಿಲ್ಪಿ. ಭಾರತದ ಹೌರಾ ರೈಲು ನಿಲ್ದಾಣದ ಈಗಿನ ಹಳೆಯ ಕಟ್ಟಡವನ್ನು 20ನೇ ಶತಮಾನದ ಆರಂಭದಲ್ಲಿ ವಿನ್ಯಾಸಗೊಳಿಸಿದವರು ಅವರೇ. ತಾಯಿ ಕ್ಯಾಥರಿನ್ ಜೇನ್, ಸಿವಿಲ್ ಎಂಜಿನಿಯರ್ ಸರ್ ಅಲೆಕ್ಸಾಂಡರ್ ಮೆಡೋಸ್ ರೆಂಡೆಲ್ ಅವರ ಮಗಳು. ಭಾರತದ ರೈಲುಮಾರ್ಗಗಳಿಗೆ ಸಲಹಾ ಎಂಜಿನಿಯರ್ ಆಗಿದ್ದ ರೆಂಡೆಲ್ ಅವರು ಸಿಂಧೂ ನದಿಗೆ ಸುಕ್ಕೂರಿನಲ್ಲಿ ಕಟ್ಟಲಾದ ಲ್ಯಾನ್ಸ್‌ಡೌನ್ ಸೇತುವೆಯ ವಿನ್ಯಾಸಕರು. ಪ್ರಸಿದ್ಧ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಇದೇ ಮನೆತನಕ್ಕೆ ಸೇರಿದವರು. ಹ್ಯಾರಿ ಅವರು ಡೇವಿಡ್ ಅವರ ಸಹೋದರನ ವಂಶಸ್ಥರು.

ಬಾಲ್ಯದಿಂದಲೇ ಯಂತ್ರಗಳಲ್ಲಿ ಆಸಕ್ತಿ ಬೆಳೆಸಿಕೊಂಡ ಹ್ಯಾರಿ, ಹತ್ತನೆಯ ವಯಸ್ಸಿನ ಹೊತ್ತಿಗೆ ಲೇತ್ ಯಂತ್ರವನ್ನು ಬಳಸಿ ಸಣ್ಣ ಎಂಜಿನ್‌ಗಳನ್ನು ತಯಾರಿಸುತ್ತಿದ್ದರು. 1898ರಲ್ಲಿ ತಾತ ರೆಂಡೆಲ್ ಅವರು ಮೋಟಾರು ಗಾಡಿಯೊಂದನ್ನು ಕೊಂಡರು. ಇಂಗ್ಲೆಂಡಿನಲ್ಲಿ ಆಗ ಅಂತಹ ಗಾಡಿಗಳು ಬೆರಳೆಣಿಕೆಯಷ್ಟಿದ್ದವು. ಪೆಟ್ರೋಲ್ ಎಂಜಿನ್ನಿನೊಂದಿಗೆ ಬಾಲಕನ ಪರಿಚಯವು ಹೀಗೆ ಮನೆಯಲ್ಲಿಯೇ ಆಯಿತು.

ವಿದ್ಯಾಭ್ಯಾಸ

ರಗ್ಬಿ ಶಾಲೆಯಲ್ಲಿ ಓದಿದ ಬಳಿಕ ರಿಕಾರ್ಡೊ ಅವರು 1903ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಟ್ರಿನಿಟಿ ಕಾಲೇಜನ್ನು ಸೇರಿದರು. ಮನೆತನದ ಪರಂಪರೆಯಂತೆ ಸಿವಿಲ್ ಎಂಜಿನಿಯರಿಂಗ್ ಅವರ ವಿಷಯವಾಗಿತ್ತು. 1904ರಲ್ಲಿ ವಿಶ್ವವಿದ್ಯಾಲಯದ ಆಟೊಮೊಬೈಲ್ ಕ್ಲಬ್ ಒಂದು ಸ್ಪರ್ಧೆಯನ್ನು ಏರ್ಪಡಿಸಿತು. ಒಂದು ಕ್ವಾರ್ಟ್, ಅಂದರೆ ಸುಮಾರು 1.14 ಲೀಟರ್ ಪೆಟ್ರೋಲಿನಲ್ಲಿ ಅತಿ ಹೆಚ್ಚು ದೂರ ಕ್ರಮಿಸುವ ವಾಹನಕ್ಕೆ ಬಹುಮಾನವಿತ್ತು. ರಿಕಾರ್ಡೊ ಅವರು ಸ್ವತಃ ನಿರ್ಮಿಸಿದ ಒಂಟಿ ಸಿಲಿಂಡರಿನ ಮೋಟಾರ್‌ಸೈಕಲ್ ಸ್ಪರ್ಧೆಯಲ್ಲಿದ್ದ ವಾಹನಗಳಲ್ಲೇ ಭಾರವಾಗಿದ್ದರೂ 40 ಮೈಲಿ (ಸುಮಾರು 64 ಕಿ.ಮೀ.) ಓಡಿ ಗೆದ್ದಿತು.

ಈ ಗೆಲುವು ಯಂತ್ರವಿಜ್ಞಾನದ ಪ್ರಾಧ್ಯಾಪಕ ಬರ್ಟ್ರಮ್ ಹಾಪ್ಕಿನ್ಸನ್ ಅವರ ಗಮನ ಸೆಳೆಯಿತು. ಅವರ ಪ್ರೇರಣೆಯಿಂದ ರಿಕಾರ್ಡೊ ಎಂಜಿನ್ ಸಂಶೋಧನೆಯಲ್ಲಿ ತೊಡಗಿದರು. 1906ರಲ್ಲಿ ಪದವಿ ಪಡೆದ ನಂತರವೂ ಒಂದು ವರ್ಷ ಕೇಂಬ್ರಿಜ್‌ನಲ್ಲಿಯೇ ಉಳಿದು ಅಧ್ಯಯನ ಮುಂದುವರಿಸಿದರು. ಊಹೆಯನ್ನು ನೆಚ್ಚದೆ, ಸಿಲಿಂಡರಿನ ಒಳಗಿನ ಒತ್ತಡವನ್ನು ಅಳೆದು ನೋಡಿ ತೀರ್ಮಾನಕ್ಕೆ ಬರುವ ಕ್ರಮವನ್ನು ಅವರು ಕಲಿತದ್ದು ಹಾಪ್ಕಿನ್ಸನ್ ಅವರಿಂದ.

ಆರಂಭದ ವೃತ್ತಿಜೀವನ

ಕೇಂಬ್ರಿಜ್ ಬಿಟ್ಟ ಬಳಿಕ ರಿಕಾರ್ಡೊ ಅವರು ತಾತನ ಸಿವಿಲ್ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಆದರೆ ಅವರ ಮನಸ್ಸು ಎಂಜಿನ್‌ಗಳ ಕಡೆಗೇ ಇತ್ತು. ವಿದ್ಯಾರ್ಥಿಯಾಗಿದ್ದಾಗಲೇ ಅವರು ಎರಡು-ಹೊಡೆತದ (ಟು-ಸ್ಟ್ರೋಕ್) ಎಂಜಿನ್ ಒಂದನ್ನು ರೂಪಿಸಿದ್ದರು. ಸೋದರ ಸಂಬಂಧಿ ರಾಲ್ಫ್ ರಿಕಾರ್ಡೊ ಅವರು ಇದನ್ನು ಆಧರಿಸಿ ಸಸೆಕ್ಸ್ ಕರಾವಳಿಯ ಶೋರ್‌ಹ್ಯಾಮ್ ಪಟ್ಟಣದಲ್ಲಿ ಸಂಸ್ಥೆಯೊಂದನ್ನು ಆರಂಭಿಸಿ 'ಡಾಲ್ಫಿನ್' ಎಂಬ ಹೆಸರಿನ ಕಾರುಗಳನ್ನು ತಯಾರಿಸಿದರು. ಕಾರುಗಳ ಉದ್ಯಮ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಎಂಜಿನ್ ಮೀನುಗಾರರ ದೋಣಿಗಳಲ್ಲಿ ಬಳಕೆಗೆ ಬಂದಿತು.

1911ರಲ್ಲಿ ರಿಕಾರ್ಡೊ ಅವರು ಸ್ಲೇಡ್ ಕಲಾಶಾಲೆಯ ವಿದ್ಯಾರ್ಥಿನಿ ಬಿಯಾಟ್ರಿಸ್ ಬರ್ತಾ ಹೇಲ್ ಅವರನ್ನು ವಿವಾಹವಾದರು. 1915ರಲ್ಲಿ 'ಎಂಜಿನ್ ಪೇಟೆಂಟ್ಸ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ ರಿಕಾರ್ಡೊ ಹೆಸರಿನಲ್ಲಿಯೇ ಜಗತ್ಪ್ರಸಿದ್ಧವಾದ ಸಂಶೋಧನಾ ಸಂಸ್ಥೆಯ ಮೂಲ ಇದೇ.

ಟ್ಯಾಂಕ್ ಎಂಜಿನ್

1916ರಲ್ಲಿ ಯುದ್ಧರಂಗಕ್ಕೆ ಇಳಿದ ಮೊದಲ ಬ್ರಿಟಿಷ್ ಟ್ಯಾಂಕ್‌ಗಳಲ್ಲಿ 105 ಅಶ್ವಶಕ್ತಿಯ ಡೈಮ್ಲರ್ ಎಂಜಿನ್ ಇತ್ತು. ಅದರ ತೋಳು-ಕವಾಟಗಳಿಗೆ (ಸ್ಲೀವ್ ವಾಲ್ವ್) ಬೇಕಾದ ಎಣ್ಣೆ ಉರಿದು ದಟ್ಟವಾದ ಹೊಗೆ ಏಳುತ್ತಿತ್ತು. ಆ ಹೊಗೆ ಟ್ಯಾಂಕ್ ಇರುವ ಸ್ಥಳವನ್ನು ಶತ್ರುವಿಗೆ ತೋರಿಸಿಕೊಡುತ್ತಿದ್ದುದರಿಂದ ಒಳಗಿದ್ದ ಸೈನಿಕರ ಪ್ರಾಣಕ್ಕೆ ಅಪಾಯವಿತ್ತು. ಈ ಸಮಸ್ಯೆಯ ಪರಿಹಾರಕ್ಕಾಗಿ ರಿಕಾರ್ಡೊ ಅವರನ್ನು ಕೇಳಿಕೊಳ್ಳಲಾಯಿತು.

ಅವರು ರೂಪಿಸಿದ ಆರು ಸಿಲಿಂಡರಿನ ಎಂಜಿನ್ 150 ಅಶ್ವಶಕ್ತಿ ನೀಡುತ್ತಿತ್ತು. ಅಲ್ಯೂಮಿನಿಯಂ ಮತ್ತು ಉತ್ತಮ ದರ್ಜೆಯ ಪೆಟ್ರೋಲ್ ವಿಮಾನಗಳಿಗೆ ಮೀಸಲಾಗಿದ್ದ ಕಾಲವದು. ಲಭ್ಯವಿದ್ದ ಕೀಳುದರ್ಜೆಯ ಇಂಧನದಲ್ಲಿಯೇ ಈ ಎಂಜಿನ್ ಓಡಬೇಕಿತ್ತು. ರಿಕಾರ್ಡೊ ಅವರು ಪಿಸ್ಟನ್ನಿಗೆ ಕ್ರಾಸ್‌ಹೆಡ್ ಜೋಡಿಸಿ, ಕೆಳಗಿನ ಎಣ್ಣೆಯು ಮೇಲಕ್ಕೆ ಹತ್ತಿ ಉರಿಯದಂತೆ ಮಾಡಿದರು. ಹೊಗೆಯ ತೊಂದರೆ ನೀಗಿತು. ಈ ಎಂಜಿನ್ ಹೊತ್ತ 'ಮಾರ್ಕ್ 5' ಟ್ಯಾಂಕ್‌ಗಳು 1918ರ ಜುಲೈ 4ರಂದು ಹಾಮೆಲ್ ಕದನದಲ್ಲಿ ಮೊದಲ ಬಾರಿಗೆ ಪಾಲ್ಗೊಂಡವು. ರಣರಂಗದ ಹಿಂಭಾಗದ ಕಾರ್ಯಾಗಾರಗಳು ಮತ್ತು ಆಸ್ಪತ್ರೆಗಳಿಗೆ ವಿದ್ಯುತ್ ಒದಗಿಸಲೂ ಇದೇ ಎಂಜಿನ್ ಬಳಕೆಯಾಯಿತು.

ಶೋರ್‌ಹ್ಯಾಮ್ ಪ್ರಯೋಗಾಲಯ

ಯುದ್ಧದ ಅವಧಿಯಲ್ಲಿ ಹಾಪ್ಕಿನ್ಸನ್ ಅವರು ಸೈನ್ಯದ ವೈಮಾನಿಕ ಸಂಶೋಧನೆಯ ಹೊಣೆ ಹೊತ್ತಿದ್ದರು ಮತ್ತು ತಮ್ಮ ಹಳೆಯ ಶಿಷ್ಯನನ್ನು ಆ ಕೆಲಸಕ್ಕೆ ಸೇರಿಸಿಕೊಂಡಿದ್ದರು. 1918ರ ಆಗಸ್ಟ್‌ನಲ್ಲಿ ಅವರು ತಾವೇ ಹಾರಿಸುತ್ತಿದ್ದ ವಿಮಾನ ಅಪಘಾತಕ್ಕೀಡಾಗಿ ಮರಣ ಹೊಂದಿದರು. ಗುರು ಆರಂಭಿಸಿದ್ದ ಸಂಶೋಧನೆಯನ್ನು ಮುಂದುವರಿಸುವ ಹೊಣೆ ರಿಕಾರ್ಡೊ ಅವರ ಮೇಲೆ ಬಿದ್ದಿತು.

ಯುದ್ಧ ಮುಗಿದ ಮೇಲೆ, 1919ರಲ್ಲಿ ಅವರು ಶೋರ್‌ಹ್ಯಾಮ್‌ನಲ್ಲಿ 'ಬ್ರಿಜ್ ವರ್ಕ್ಸ್' ಎಂಬ ಪ್ರಯೋಗಾಲಯವನ್ನು ನೆಲೆಗೊಳಿಸಿದರು. ಕಾರು ಅಥವಾ ಎಂಜಿನ್‌ಗಳನ್ನು ತಯಾರಿಸಿ ಮಾರುವುದು ಅದರ ಉದ್ದೇಶವಾಗಿರಲಿಲ್ಲ. ಇತರ ತಯಾರಕರಿಗಾಗಿ ಸಂಶೋಧನೆ ನಡೆಸಿ, ವಿನ್ಯಾಸಗಳನ್ನು ಒದಗಿಸುವುದು ಅದರ ಕಾರ್ಯವಾಗಿತ್ತು.

ಸಂಪೀಡನ ಅನುಪಾತ ಮತ್ತು ಆಸ್ಫೋಟನ

ಪಿಸ್ಟನ್ ಕೆಳತುದಿಯಲ್ಲಿದ್ದಾಗ ಸಿಲಿಂಡರಿನಲ್ಲಿರುವ ಒಟ್ಟು ಗಾತ್ರಕ್ಕೂ, ಅದು ಮೇಲ್ತುದಿಗೆ ಬಂದಾಗ ಉಳಿಯುವ ಗಾತ್ರಕ್ಕೂ ಇರುವ ಪ್ರಮಾಣವೇ ಸಂಪೀಡನ ಅನುಪಾತ. ಈ ಅನುಪಾತ ಹೆಚ್ಚಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ದೊರೆಯುತ್ತದೆ. ಆದರ್ಶ ಚಕ್ರದ ಲೆಕ್ಕದಲ್ಲಿ ದಕ್ಷತೆಯು 4:1 ಅನುಪಾತದಲ್ಲಿ ಸುಮಾರು ಶೇ. 43, 5:1ರಲ್ಲಿ ಶೇ. 47.5, 8:1ರಲ್ಲಿ ಶೇ. 56.5 ಮತ್ತು 9:1ರಲ್ಲಿ ಶೇ. 58.5 ಆಗುತ್ತದೆ. ಅನುಪಾತ ಏರಿದಂತೆ ಪ್ರತಿ ಹೆಜ್ಜೆಯಲ್ಲಿ ಸಿಗುವ ಲಾಭ ಕಡಿಮೆಯಾಗುತ್ತ ಹೋಗುತ್ತದೆ, ಅಪಾಯವು ಮಾತ್ರ ಹೆಚ್ಚುತ್ತದೆ.

ಆ ಅಪಾಯವೇ ಆಸ್ಫೋಟನ. ಎಂಜಿನ್ನಿನಿಂದ ಬಡಿತದಂತಹ ಸದ್ದು ಕೇಳಿಬರುವುದರಿಂದ ಇದನ್ನು 'ನಾಕಿಂಗ್' ಎಂದು ಕರೆಯಲಾಗುತ್ತದೆ. ಬಿಸಿಯಾದ ಪ್ಲಗ್ಗಾಗಲಿ ಇಂಗಾಲದ ಕಿಟ್ಟವಾಗಲಿ ಕಿಡಿಗೆ ಮೊದಲೇ ಮಿಶ್ರಣಕ್ಕೆ ಬೆಂಕಿ ಹೊತ್ತಿಸುವ ಪೂರ್ವಜ್ವಲನವೇ ಇದಕ್ಕೆ ಕಾರಣವೆಂಬ ಅಭಿಪ್ರಾಯ ಆ ಕಾಲದಲ್ಲಿ ವ್ಯಾಪಕವಾಗಿತ್ತು. ಇವೆರಡೂ ಬೇರೆಬೇರೆ ಎಂಬುದನ್ನು ಹಾಪ್ಕಿನ್ಸನ್ ಮತ್ತು ರಿಕಾರ್ಡೊ ಅವರ ಅಧ್ಯಯನಗಳು ಸ್ಪಷ್ಟಪಡಿಸಿದವು. ಕಿಡಿಯಿಂದ ಹೊರಟ ಜ್ವಾಲೆ ಕೊಠಡಿಯಲ್ಲಿ ಹರಡುತ್ತಿರುವಾಗ, ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದಿರುವ ಮಿಶ್ರಣವು ಒತ್ತಡಕ್ಕೆ ಸಿಲುಕಿ ವಿಪರೀತ ಬಿಸಿಯಾಗುತ್ತದೆ. ಜ್ವಾಲೆ ತಲುಪುವ ಮೊದಲೇ ಅದು ತಾನಾಗಿ ಒಮ್ಮೆಲೇ ಹೊತ್ತಿಕೊಂಡರೆ ಆಸ್ಫೋಟನ ಉಂಟಾಗುತ್ತದೆ.

ಆಸ್ಫೋಟನದ ಒತ್ತಡದ ಅಲೆಗಳು ಲೋಹದ ಮೇಲ್ಮೈಗೆ ಅಂಟಿಕೊಂಡಿರುವ ತೆಳುವಾದ ಅನಿಲದ ಪದರವನ್ನು ಚದುರಿಸುವುದರಿಂದ ಪಿಸ್ಟನ್ ಮತ್ತು ಸಿಲಿಂಡರ್ ಹೆಡ್‌ಗಳಿಗೆ ಅಪಾರ ಶಾಖ ಹರಿಯುತ್ತದೆ. ಹೀಗೆ ಬಿಸಿಯಾದ ಭಾಗಗಳು ಪೂರ್ವಜ್ವಲನಕ್ಕೆ ಕಾರಣವಾಗಿ, ಒಂದು ದೋಷವು ಇನ್ನೊಂದನ್ನು ಬೆಳೆಸುತ್ತದೆ. ಕೊನೆಗೆ ಪಿಸ್ಟನ್ನಿನ ಉಂಗುರಗಳು ಮುರಿಯಬಹುದು ಅಥವಾ ಪಿಸ್ಟನ್ ತಲೆಯೇ ಕರಗಿ ತೂತಾಗಬಹುದು.

ಇಂಧನ ಸಂಶೋಧನೆ ಮತ್ತು ಇ-35 ಎಂಜಿನ್

ಷೆಲ್ ಸಂಸ್ಥೆಯ ಆರ್ಥಿಕ ನೆರವಿನಿಂದ ರಿಕಾರ್ಡೊ ಅವರು ವಿವಿಧ ಇಂಧನಗಳ ಪರೀಕ್ಷೆಯನ್ನು ಕೈಗೊಂಡರು. ಹೆನ್ರಿ ಟಿಜಾರ್ಡ್ ಮತ್ತು ಡೇವಿಡ್ ಪೈ ಈ ಕಾರ್ಯದಲ್ಲಿ ಅವರ ಸಹೋದ್ಯೋಗಿಗಳು. ಇದಕ್ಕೆಂದೇ ನಿರ್ಮಿಸಲಾದ 'ಇ-35' ಎಂಬ ಒಂಟಿ ಸಿಲಿಂಡರಿನ ಎಂಜಿನ್ನಿನ ವೈಶಿಷ್ಟ್ಯವೆಂದರೆ, ಅದು ಓಡುತ್ತಿರುವಾಗಲೇ ಸಿಲಿಂಡರನ್ನು ಮೇಲೆ ಕೆಳಗೆ ಸರಿಸಿ ಸಂಪೀಡನ ಅನುಪಾತವನ್ನು ಸುಮಾರು 3.7:1ರಿಂದ 8:1ರವರೆಗೆ ಬದಲಾಯಿಸಬಹುದಾಗಿತ್ತು. ಉಳಿದೆಲ್ಲವನ್ನೂ ಸ್ಥಿರವಾಗಿಟ್ಟು ಅನುಪಾತವೊಂದನ್ನೇ ನಿಧಾನವಾಗಿ ಏರಿಸುತ್ತ, ಆಸ್ಫೋಟನ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಪ್ರತಿ ಇಂಧನಕ್ಕೂ ಗುರುತಿಸಲಾಯಿತು. ಅದನ್ನು ಆಯಾ ಇಂಧನದ 'ಗರಿಷ್ಠ ಉಪಯುಕ್ತ ಸಂಪೀಡನ ಅನುಪಾತ' ಎಂದು ಕರೆಯಲಾಯಿತು.

ಪೆಟ್ರೋಲ್ ಹಗುರವಾಗಿದ್ದಷ್ಟೂ ಉತ್ತಮವೆಂದು ಆಗ ಭಾವಿಸಲಾಗಿತ್ತು. ಈ ಎಣಿಕೆಯನ್ನು ಪ್ರಯೋಗಗಳು ತಲೆಕೆಳಗು ಮಾಡಿದವು. ಬೆಂಜೀನ್, ಟಾಲೀನ್ ಮುಂತಾದ ಆರೊಮ್ಯಾಟಿಕ್ ಸಂಯುಕ್ತಗಳು ಹೆಚ್ಚಾಗಿದ್ದ ಬೋರ್ನಿಯೊ ದ್ವೀಪದ ಭಾರವಾದ ಪೆಟ್ರೋಲ್ ಆಸ್ಫೋಟನವನ್ನು ಚೆನ್ನಾಗಿ ತಡೆಯಿತು. ಮದ್ಯಸಾರವೂ ಇದೇ ಗುಣವನ್ನು ತೋರಿತು. ಆವಿಯಾಗುವಾಗ ಹೆಚ್ಚು ಶಾಖವನ್ನು ಹೀರಿಕೊಂಡು ಮಿಶ್ರಣವನ್ನು ತಂಪಾಗಿಸುವುದು ಅದರ ಇನ್ನೊಂದು ಅನುಕೂಲ. ಟಾಲೀನನ್ನು ಮಾನದಂಡವಾಗಿಟ್ಟುಕೊಂಡು ಇಂಧನಗಳಿಗೆ 'ಟಾಲೀನ್ ಸಂಖ್ಯೆ' ನೀಡುವ ಪದ್ಧತಿ ಈ ಸಂಶೋಧನೆಯಿಂದ ಬಂದಿತು. ಮುಂದೆ ಅಮೆರಿಕದಲ್ಲಿ ಐಸೊ-ಆಕ್ಟೇನ್ ಮತ್ತು ಹೆಪ್ಟೇನ್ ಮಿಶ್ರಣವನ್ನು ಆಧರಿಸಿದ ಆಕ್ಟೇನ್ ಸಂಖ್ಯೆ ರೂಢಿಗೆ ಬಂದು, ಇಂದು ಎಲ್ಲ ದೇಶಗಳ ಪೆಟ್ರೋಲ್ ಬಂಕುಗಳಲ್ಲಿ ಬಳಕೆಯಲ್ಲಿದೆ.

ಇದೇ ಅವಧಿಯಲ್ಲಿ, 1921ರ ಡಿಸೆಂಬರ್‌ನಲ್ಲಿ, ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ಸೀಸದ ಸಂಯುಕ್ತವೊಂದನ್ನು ಪೆಟ್ರೋಲಿಗೆ ಬೆರೆಸಿ ಆಸ್ಫೋಟನವನ್ನು ತಡೆಯುವ ಮಾರ್ಗ ಕಂಡುಕೊಂಡರು. ಅಗ್ಗವಾಗಿದ್ದ ಈ ಉಪಾಯ ಜಗತ್ತಿನಾದ್ಯಂತ ಹರಡಿತು. ಆದರೆ ಸೀಸದ ವಿಷ ಗಾಳಿಗೆ ಸೇರಿ ಜನರ ಆರೋಗ್ಯವನ್ನು ಕೆಡಿಸಿದ ಕಾರಣ ಅದನ್ನು ಕ್ರಮೇಣ ಕೈಬಿಡಬೇಕಾಯಿತು. ಭಾರತದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ 2000ನೇ ಇಸವಿಯಲ್ಲಿ ಕೊನೆಗೊಂಡಿತು. ಕೊಠಡಿಯ ಆಕಾರವನ್ನು ಸುಧಾರಿಸಿ ಆಸ್ಫೋಟನವನ್ನು ತಡೆಯುವ ರಿಕಾರ್ಡೊ ಅವರ ಮಾರ್ಗಕ್ಕೆ ಅಂತಹ ದುಷ್ಪರಿಣಾಮವಿರಲಿಲ್ಲ.

ದಹನ ಕೊಠಡಿಯ ವಿನ್ಯಾಸ

ಅಂದಿನ ಅಗ್ಗದ ಕಾರುಗಳಲ್ಲಿ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿರುತ್ತಿದ್ದವು. ಅವುಗಳ ದಹನ ಕೊಠಡಿ ಅಗಲವಾಗಿ, ಚಪ್ಪಟೆಯಾಗಿ ಹರಡಿಕೊಂಡಿದ್ದುದರಿಂದ ಜ್ವಾಲೆ ಕ್ರಮಿಸಬೇಕಾದ ದೂರ ಹೆಚ್ಚಾಗಿತ್ತು. ರಿಕಾರ್ಡೊ ಅವರು ಎರಡು ಬದಲಾವಣೆಗಳನ್ನು ಮಾಡಿದರು. ಮೊದಲನೆಯದಾಗಿ, ಕೊಠಡಿಯನ್ನು ಕವಾಟಗಳ ಮೇಲ್ಭಾಗಕ್ಕೆ ಸರಿಸಿ ಅಡಕವಾಗಿಸಿದರು. ಎರಡನೆಯದಾಗಿ, ಉಳಿದ ಭಾಗದಲ್ಲಿ ಹೆಡ್ಡಿನ ತಳವು ಪಿಸ್ಟನ್ನಿಗೆ ಬಹಳ ಸಮೀಪ ಬರುವಂತೆ ಮಾಡಿದರು. ಪಿಸ್ಟನ್ ಮೇಲೇರಿದಾಗ ಆ ಕಿರಿದಾದ ಸಂದಿನಿಂದ ಮಿಶ್ರಣವು ರಭಸದಿಂದ ಕೊಠಡಿಗೆ ಚಿಮ್ಮಿ ಸುಳಿಯೇಳುತ್ತಿತ್ತು. ಈ ಕ್ಷೋಭೆಯಿಂದ ಜ್ವಾಲೆ ವೇಗವಾಗಿ ಹರಡಿ, ಕೊನೆಯ ಮಿಶ್ರಣಕ್ಕೆ ತಾನಾಗಿ ಹೊತ್ತಿಕೊಳ್ಳುವಷ್ಟು ಸಮಯವೇ ಸಿಗುತ್ತಿರಲಿಲ್ಲ. ಸಂದಿನಲ್ಲಿ ಉಳಿದ ತೆಳುವಾದ ಮಿಶ್ರಣವು ಎರಡೂ ಬದಿಯ ಲೋಹಕ್ಕೆ ಶಾಖ ಬಿಟ್ಟುಕೊಟ್ಟು ತಂಪಾಗಿರುತ್ತಿತ್ತು.

'ಟರ್ಬ್ಯುಲೆಂಟ್ ಹೆಡ್' ಎಂದು ಹೆಸರಾದ ಈ ವಿನ್ಯಾಸದಿಂದ ಪಕ್ಕ-ಕವಾಟದ ಸಾಧಾರಣ ಎಂಜಿನ್‌ಗಳೂ ಅದೇ ಪೆಟ್ರೋಲಿನಲ್ಲಿ ಹೆಚ್ಚಿನ ಅನುಪಾತವನ್ನು ತಾಳಿಕೊಳ್ಳುವಂತಾಯಿತು. ಅನೇಕ ತಯಾರಕರು ಇದನ್ನು ಅಳವಡಿಸಿಕೊಂಡರು. ಈಗ 'ಸ್ಕ್ವಿಶ್' ಎಂದು ಕರೆಯಲಾಗುವ ತತ್ವ ಇದೇ ಆಗಿದೆ. ಸ್ಪರ್ಧೆಯ ಕಾರುಗಳಲ್ಲಿಯೂ ರಿಕಾರ್ಡೊ ಅವರ ಕೈವಾಡವಿತ್ತು. ಅವರು ವಿನ್ಯಾಸಗೊಳಿಸಿದ 3 ಲೀಟರ್ ಗಾತ್ರದ, 16 ಕವಾಟಗಳ ಎಂಜಿನ್ ಹೊಂದಿದ್ದ ವಾಕ್ಸ್‌ಹಾಲ್ ಕಾರು 1922ರ ಟೂರಿಸ್ಟ್ ಟ್ರೋಫಿ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆಯಿತು.

ಗಾಳಿಯಿಂದ ತಂಪಾಗುವ ಎಂಜಿನ್‌ಗಳು

ನೀರಿನಿಂದ ತಂಪಾಗುವ ಎಂಜಿನ್‌ಗೆ ಹೋಲಿಸಿದರೆ ಗಾಳಿಯಿಂದ ತಂಪಾಗುವ ಎಂಜಿನ್ನಿನ ಹೆಡ್ ಹೆಚ್ಚು ಬಿಸಿಯಾಗಿರುತ್ತದೆ, ಹೊರೆ ಮತ್ತು ಹವೆಗೆ ತಕ್ಕಂತೆ ಅದರ ಉಷ್ಣತೆ ಏರಿಳಿಯುತ್ತದೆ. ಆದ್ದರಿಂದ ಇಲ್ಲಿ ಅನುಪಾತವನ್ನು ಹೆಚ್ಚಿಸುವುದು ಸೂಕ್ಷ್ಮವಾದ ಕೆಲಸ. ಆದರ್ಶ ಲೆಕ್ಕದ ಪ್ರಕಾರ 8:1 ಅನುಪಾತದಲ್ಲಿ ಒಳಬರುವ ಮಿಶ್ರಣವು 20 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿದ್ದರೆ ಸಂಪೀಡನದ ಕೊನೆಯಲ್ಲಿ ಅದರ ಉಷ್ಣತೆ ಸುಮಾರು 46 ಡಿಗ್ರಿ ಹೆಚ್ಚಾಗುತ್ತದೆ. ಅನುಪಾತವನ್ನು 8ರಿಂದ 9ಕ್ಕೆ ಏರಿಸಿದಾಗ ಆಗುವ ಹೆಚ್ಚಳ ಸುಮಾರು 40 ಡಿಗ್ರಿ ಮಾತ್ರ. ಹೆಡ್ಡಿನ ಶಾಖವನ್ನು ಹತೋಟಿಯಲ್ಲಿಡದೆ ಅನುಪಾತವನ್ನು ಮಾತ್ರ ಲೆಕ್ಕಹಾಕಿದರೆ ಸಾಲದು ಎಂಬುದು ಇದರಿಂದ ತಿಳಿಯುತ್ತದೆ.

ಟ್ರಯಂಫ್ ಸಂಸ್ಥೆಗಾಗಿ ರಿಕಾರ್ಡೊ ಅವರು 499 ಸಿಸಿ ಗಾತ್ರದ, ಗಾಳಿಯಿಂದ ತಂಪಾಗುವ ಮೋಟಾರ್‌ಸೈಕಲ್ ಎಂಜಿನ್ನನ್ನು ರೂಪಿಸಿದರು. ಅದರ ಒಂದೇ ಸಿಲಿಂಡರಿಗೆ ನಾಲ್ಕು ಕವಾಟಗಳಿದ್ದು, ದಹನ ಕೊಠಡಿಯ ಮೇಲ್ಭಾಗ ಮನೆಯ ಮಾಡಿನಂತೆ ಎರಡು ಬದಿಗೆ ಇಳಿಜಾರಾಗಿತ್ತು. ಅಭಿಮಾನಿಗಳು 'ರಿಕ್ಕಿ' ಎಂದು ಕರೆಯುತ್ತಿದ್ದ ಈ ವಾಹನದ ಮೇಲೆ ಸಹೋದ್ಯೋಗಿ ಫ್ರ್ಯಾಂಕ್ ಹಾಲ್ಫರ್ಡ್ ಅವರು 1921ರಲ್ಲಿ ಬ್ರೂಕ್‌ಲ್ಯಾಂಡ್ಸ್ ಓಟಪಥದಲ್ಲಿ ವೇಗದ ದಾಖಲೆಗಳನ್ನು ಸ್ಥಾಪಿಸಿದರು. ಹಾಲ್ಫರ್ಡ್ ಮುಂದೆ 'ಜಿಪ್ಸಿ' ಎಂಬ ಗಾಳಿಯಿಂದ ತಂಪಾಗುವ ವಿಮಾನ ಎಂಜಿನ್‌ಗಳ ವಿನ್ಯಾಸಕರಾಗಿ ಪ್ರಸಿದ್ಧರಾದರು.

ತೋಳು-ಕವಾಟದ ಕುರಿತಾದ ರಿಕಾರ್ಡೊ ಅವರ ಸಂಶೋಧನೆಯೂ ಇದೇ ಪ್ರಶ್ನೆಗೆ ಸಂಬಂಧಿಸಿತ್ತು. ಸಾಮಾನ್ಯ ಎಂಜಿನ್ನಿನಲ್ಲಿ ಕೊಠಡಿಯ ಅತ್ಯಂತ ಬಿಸಿಯಾದ ಭಾಗವೆಂದರೆ ಹೊರಹೋಗುವ ಅನಿಲದ ಕವಾಟ. ಅದರ ಬದಲಿಗೆ ಚಲಿಸುವ ತೋಳಿನ ರಂಧ್ರಗಳನ್ನು ಬಳಸಿದರೆ ಆಸ್ಫೋಟನದ ಭಯ ತಗ್ಗುತ್ತದೆ. ಬ್ರಿಸ್ಟಲ್ ಸಂಸ್ಥೆಯ 'ಹರ್ಕ್ಯುಲಿಸ್' ಮುಂತಾದ ಗಾಳಿಯಿಂದ ತಂಪಾಗುವ ಯುದ್ಧವಿಮಾನ ಎಂಜಿನ್‌ಗಳು ಈ ಪದ್ಧತಿಯವು.

ಡೀಸೆಲ್ ಎಂಜಿನ್

ಪೆಟ್ರೋಲ್ ಎಂಜಿನ್ನಿನಲ್ಲಿ ತಡೆಯಬೇಕಾದ ಸ್ವಯಂಜ್ವಲನವೇ ಡೀಸೆಲ್ ಎಂಜಿನ್ನಿಗೆ ಆಧಾರ. 1931ರ ವೇಳೆಗೆ ರಿಕಾರ್ಡೊ ಅವರು 'ಕಾಮೆಟ್' ಎಂಬ ಸುಳಿ-ಕೊಠಡಿಯನ್ನು ಸಿದ್ಧಪಡಿಸಿದರು. ಮುಖ್ಯ ಸಿಲಿಂಡರಿಗೆ ಹೊಂದಿಕೊಂಡ ಈ ಸಣ್ಣ ಗೋಳಾಕಾರದ ಕೊಠಡಿಯಲ್ಲಿ ಗಾಳಿ ವೇಗವಾಗಿ ಸುತ್ತುವಾಗ ಇಂಧನವನ್ನು ಸಿಂಪಡಿಸಲಾಗುತ್ತಿತ್ತು. ಲಂಡನ್ನಿನ ಬಸ್ಸುಗಳಿಗಾಗಿ ಎಇಸಿ ಸಂಸ್ಥೆ ತಯಾರಿಸಿದ ಎಂಜಿನ್‌ಗಳಲ್ಲಿ ಇದು ಮೊದಲು ಬಳಕೆಗೆ ಬಂದಿತು. ವೇಗವಾಗಿ ಓಡುವ ಸಣ್ಣ ಡೀಸೆಲ್ ಎಂಜಿನ್‌ಗಳು ಕಾರುಗಳಲ್ಲಿ ನೆಲೆಯೂರಲು ಈ ವಿನ್ಯಾಸ ನೆರವಾಯಿತು.

ಎಂಜಿನ್ ಪುನರ್ನಿರ್ಮಾಣದಲ್ಲಿ ರಿಕಾರ್ಡೊ ಅವರ ತತ್ವಗಳು

ಹಳೆಯ ಕ್ರೀಡಾ ಕಾರುಗಳ ಎಂಜಿನ್ನನ್ನು ಬಿಚ್ಚಿ ಮರುಜೋಡಿಸುವಾಗ ಅನುಪಾತವನ್ನು ಹೆಚ್ಚಿಸುವ ರೂಢಿ ಇಂದಿಗೂ ಇದೆ. ಆಗ ಪಾಲಿಸಬೇಕಾದ ಎಚ್ಚರಿಕೆಗಳ ಹಿಂದೆ ರಿಕಾರ್ಡೊ ಅವರು ತೋರಿಸಿಕೊಟ್ಟ ತತ್ವಗಳಿವೆ. ಗಾಳಿಯಿಂದ ತಂಪಾಗುವ ಪೋರ್ಶೆ 356 ಕಾರಿನ ಎಂಜಿನ್ ಇದಕ್ಕೆ ಉತ್ತಮ ಉದಾಹರಣೆ. ಅದರ 1600 ಮಾದರಿಯಲ್ಲಿ ಸಿಲಿಂಡರಿನ ವ್ಯಾಸ 82.5 ಮಿ.ಮೀ., ಪಿಸ್ಟನ್ನಿನ ಚಲನೆ 74 ಮಿ.ಮೀ., ಒಂದು ಸಿಲಿಂಡರಿನ ಗಾತ್ರ ಸುಮಾರು 395.5 ಸಿಸಿ. ಅನುಪಾತ 8.5:1 ಇರಬೇಕಾದರೆ ಮೇಲೆ ಉಳಿಯುವ ಜಾಗ 52.7 ಸಿಸಿ, 9.5:1 ಇರಬೇಕಾದರೆ 46.5 ಸಿಸಿ. ಇವೆರಡರ ಅಂತರ ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು, ಅಷ್ಟೆ. ಆದ್ದರಿಂದ ಪ್ರತಿ ಹೆಡ್ಡಿನ ಕೊಠಡಿಗೂ ಬ್ಯೂರೆಟ್‌ನಿಂದ ದ್ರವ ಸುರಿದು ಗಾತ್ರವನ್ನು ಅಳೆಯುವುದು ಮತ್ತು ಎಲ್ಲ ಸಿಲಿಂಡರ್‌ಗಳಲ್ಲಿಯೂ ಅದು ಸಮನಾಗಿರುವಂತೆ ನೋಡಿಕೊಳ್ಳುವುದು ಮೊದಲ ಹೆಜ್ಜೆ.

ಇಂತಹ ಎಂಜಿನ್‌ಗಳಲ್ಲಿ ಪ್ರತಿ ಸಿಲಿಂಡರೂ ಪ್ರತ್ಯೇಕವಾಗಿದ್ದು, ಅದರ ಬುಡದಲ್ಲಿ ತೆಳುವಾದ ಲೋಹದ ಪಟ್ಟಿಗಳನ್ನು (ಶಿಮ್) ಇಡಬಹುದು. ಪಟ್ಟಿಯನ್ನು ತೆಗೆದರೆ ಸಿಲಿಂಡರ್ ಕೆಳಗಿಳಿದು ಅನುಪಾತ ಏರುತ್ತದೆ. ಜೊತೆಗೆ ಪಿಸ್ಟನ್ ಮತ್ತು ಹೆಡ್ಡಿನ ನಡುವಿನ ಹಾಗೂ ಪಿಸ್ಟನ್ ಮತ್ತು ಕವಾಟಗಳ ನಡುವಿನ ಅಂತರವೂ ಕಿರಿದಾಗುತ್ತದೆ. ಬಿಸಿಯಾದಾಗ ಲೋಹ ಹಿಗ್ಗುವುದರಿಂದ ಈ ಅಂತರವನ್ನು ತೀರ ಕಡಿಮೆ ಮಾಡಿದರೆ ಭಾಗಗಳು ಪರಸ್ಪರ ತಾಗುವ ಅಪಾಯವಿದೆ. ಅತಿಯಾಗಿ ಬಿಟ್ಟರೆ ಮಿಶ್ರಣವನ್ನು ಚಿಮ್ಮಿಸುವ ಗುಣ ನಷ್ಟವಾಗಿ, ಆಸ್ಫೋಟನಕ್ಕೆ ಎಡೆಯಾಗುತ್ತದೆ. ಪಿಸ್ಟನ್ನಿನ ಮೇಲೆ ಮೆತ್ತನೆಯ ಜೇಡಿಯನ್ನು ಇಟ್ಟು, ಎಂಜಿನ್ನನ್ನು ಕೈಯಿಂದ ತಿರುಗಿಸಿ, ಒತ್ತಿದ ಜೇಡಿಯ ದಪ್ಪವನ್ನು ಅಳೆದು ಈ ಅಂತರಗಳನ್ನು ಖಚಿತಪಡಿಸಿಕೊಳ್ಳಲಾಗುತ್ತದೆ.

ಅನುಪಾತ ಹೆಚ್ಚಿಸಲು ಎತ್ತರದ ಗುಮ್ಮಟವಿರುವ ಪಿಸ್ಟನ್ ಬಳಸುವುದು ಇನ್ನೊಂದು ಮಾರ್ಗ. ಅರ್ಧಗೋಳಾಕಾರದ ಕೊಠಡಿಯೊಳಗೆ ಗುಮ್ಮಟ ಸೇರಿದಾಗ ಉಳಿಯುವ ಜಾಗ ಕಿತ್ತಳೆ ಹಣ್ಣಿನ ಸಿಪ್ಪೆಯಂತೆ ತೆಳುವಾಗಿ ಹರಡಿಕೊಳ್ಳುತ್ತದೆ. ಅಲ್ಲಿ ಜ್ವಾಲೆ ಗುಮ್ಮಟವನ್ನು ಬಳಸಿ ಸಾಗಬೇಕಾಗುತ್ತದೆ. ರಿಕಾರ್ಡೊ ಅವರು ಪಕ್ಕ-ಕವಾಟದ ಎಂಜಿನ್ನಿನಲ್ಲಿ ನಿವಾರಿಸಿದ ದೋಷವೇ ಹೀಗೆ ಮರಳಿ ಬರುತ್ತದೆ. ಒಂದು ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್‌ಗಳನ್ನು ಅಳವಡಿಸಿ ಜ್ವಾಲೆಯ ದೂರವನ್ನು ಕಡಿಮೆಗೊಳಿಸುವುದು ಇದಕ್ಕೆ ಪರಿಹಾರ. 1989ರಲ್ಲಿ ಬಂದ ಪೋರ್ಶೆ 911 ಕಾರಿನ 964 ಮಾದರಿಯ ಎಂಜಿನ್ ಗಾಳಿಯಿಂದ ತಂಪಾಗುವುದಾಗಿದ್ದರೂ 11.3:1 ಅನುಪಾತವನ್ನು ತಾಳಿಕೊಂಡಿತು. ಪ್ರತಿ ಸಿಲಿಂಡರಿಗೆ ಎರಡು ಪ್ಲಗ್ ಮತ್ತು ಆಸ್ಫೋಟನವನ್ನು ಗ್ರಹಿಸಿ ಕಿಡಿಯ ಸಮಯವನ್ನು ತಡಮಾಡುವ ವ್ಯವಸ್ಥೆ ಅದಕ್ಕೆ ಕಾರಣ. ಅಂತಹ ವ್ಯವಸ್ಥೆಯಿಲ್ಲದ ಹಳೆಯ ಎಂಜಿನ್‌ಗಳಲ್ಲಿ ದೊರೆಯುವ ಪೆಟ್ರೋಲಿನ ಆಕ್ಟೇನ್ ಸಂಖ್ಯೆಗೆ ಹೊಂದುವಷ್ಟೇ ಅನುಪಾತವನ್ನು ಇಟ್ಟುಕೊಳ್ಳಬೇಕು. ಕಿಡಿಯನ್ನು ಅಗತ್ಯಕ್ಕಿಂತ ಮುಂಚಿತವಾಗಿ ನೀಡಬಾರದು. ತಂಪುಗಾಳಿಯನ್ನು ಸಿಲಿಂಡರ್‌ಗಳತ್ತ ಒಯ್ಯುವ ತಗಡಿನ ಹೊದಿಕೆಗಳು ಮತ್ತು ರೆಕ್ಕೆಗಳು ಸುಸ್ಥಿತಿಯಲ್ಲಿರಬೇಕು.

ಕೃತಿಗಳು ಮತ್ತು ಗೌರವಗಳು

1922 ಮತ್ತು 1923ರಲ್ಲಿ ಅಂತರ್ದಹನ ಎಂಜಿನ್ ಕುರಿತ ಅವರ ಗ್ರಂಥ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಹೆಚ್ಚು ವೇಗದ ಎಂಜಿನ್‌ಗಳನ್ನು ಕುರಿತ ಅವರ ಪಠ್ಯಪುಸ್ತಕ ಹಲವು ಆವೃತ್ತಿಗಳನ್ನು ಕಂಡಿತು. ಅವರ ಆತ್ಮಕಥೆ 1968ರಲ್ಲಿ ಹೊರಬಂದಿತು. 1929ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. 1944ರಲ್ಲಿ ಆ ಸಂಸ್ಥೆಯ ರಮ್ಫರ್ಡ್ ಪದಕ ಅವರಿಗೆ ಸಂದಿತು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಬ್ರಿಟನ್ನಿನ ಯಾಂತ್ರಿಕ ಎಂಜಿನಿಯರುಗಳ ಸಂಸ್ಥೆಗೆ ಅಧ್ಯಕ್ಷರಾಗಿದ್ದರು. 1948ರಲ್ಲಿ 'ಸರ್' ಪದವಿಯನ್ನು ಪಡೆದರು.

ನಿಧನ

1974ರಲ್ಲಿ, ತಮ್ಮ 89ನೇ ವಯಸ್ಸಿನಲ್ಲಿ, ರಿಕಾರ್ಡೊ ಅವರು ಬಿದ್ದು ಕಾಲು ಮುರಿದುಕೊಂಡರು. ಅದಾದ ಕೆಲವು ವಾರಗಳ ಬಳಿಕ ಮೇ 18ರಂದು ನಿಧನ ಹೊಂದಿದರು. ಲಂಡನ್ನಿನಲ್ಲಿ ಅವರು ಜನಿಸಿದ ಮನೆಯ ಗೋಡೆಯ ಮೇಲೆ ಸ್ಮಾರಕ ಫಲಕವಿದೆ. ಅವರು ಸ್ಥಾಪಿಸಿದ ಸಂಸ್ಥೆಯು ಶೋರ್‌ಹ್ಯಾಮ್‌ನಲ್ಲಿ ಎಂಜಿನ್ ಸಂಶೋಧನೆಯನ್ನು ಅವರ ಕಾಲದ ನಂತರವೂ ಮುಂದುವರಿಸಿತು.